ಇಟ್ಟಿಗೆಗಿಂತ ಮೆತ್ತಗಿನ ಗಾರೆ

ಮನೆಯ ಹಿಂಬದಿಯ ಹಳೆಯ ಇಟ್ಟಿಗೆ ಗೋಡೆಯ ಬುಡದಲ್ಲಿ ಸಂದಿನ ಗಾರೆ ಪುಡಿಯಾಗಿ ಉದುರತೊಡಗಿದಾಗ ನಾನು ಮೊದಲ ಬಾರಿಗೆ ಕರಣೆ ಹಿಡಿದೆ. ಗಟ್ಟಿಯಾದದ್ದೇ ಬಾಳಿಕೆ ಬರುತ್ತದೆಂಬ ನಂಬಿಕೆಯಿಂದ ಒಂದು ಪಾಲು ಸಿಮೆಂಟಿಗೆ ಮೂರೇ ಪಾಲು ಮರಳು ಕಲಸಿ, ಸಡಿಲಗೊಂಡ ಗಾರೆಯ ಮೇಲೆಯೇ ತೆಳ್ಳಗೆ ಬಳಿದುಬಿಟ್ಟೆ. ವರ್ಷ ತುಂಬುವ ಮುನ್ನ ಅದರಲ್ಲಿ ಅರ್ಧ ಹಕ್ಕಳೆ ಎದ್ದು ಬಿತ್ತು. ಉಳಿದ ಅರ್ಧದ ಅಕ್ಕಪಕ್ಕದಲ್ಲಿ ಇಟ್ಟಿಗೆಗಳ ಮುಖವೇ ಸಿಪ್ಪೆ ಸುಲಿದಂತೆ ಕಳಚಿತ್ತು.

ಕಾರಣ ತಿಳಿಯಲು ಸ್ವಲ್ಪ ಓದಬೇಕಾಯಿತು. ಗೋಡೆಯೊಳಗೆ ಸೇರಿದ ತೇವ ಸುಲಭವಾದ ದಾರಿಯಲ್ಲಿ ಹೊರಬರುತ್ತದೆ. ಸಂದು ಬಿಗಿಯಾಗಿ ಮುಚ್ಚಿದರೆ ಅದು ಇಟ್ಟಿಗೆಯ ಮೂಲಕವೇ ಆವಿಯಾಗಬೇಕು, ಆಗ ನೀರಿನಲ್ಲಿ ಕರಗಿದ್ದ ಲವಣ ಇಟ್ಟಿಗೆಯ ಮೇಲ್ಪದರದಲ್ಲಿಯೇ ಹರಳುಗಟ್ಟಿ ಅದನ್ನು ಒಡೆಯುತ್ತದೆ. ಆದ್ದರಿಂದ ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆಯುವುದಾದರೆ ಸಂದು ಸವೆಯಲಿ, ಅದನ್ನು ಮತ್ತೆ ತುಂಬಬಹುದು.

ಎರಡನೆಯ ಸಲ ಮೊದಲು ನೀರಿನ ಮೂಲ ಹುಡುಕಿದೆ. ಮಳೆನೀರಿನ ಕೊಳವೆಯೊಂದು ಗೋಡೆಯ ಬುಡಕ್ಕೇ ನೀರು ಸುರಿಯುತ್ತಿತ್ತು. ಅದನ್ನು ಸರಿಪಡಿಸಿ ಗೋಡೆ ಒಣಗಲು ಬಿಟ್ಟೆ. (ಮೆಟ್ಟಿಲಿನಂತೆ ಏರುವ, ದಿನೇದಿನೇ ಅಗಲವಾಗುವ ಬಿರುಕಿದ್ದರೆ ನಾನು ಕೈಹಾಕುತ್ತಲೇ ಇರಲಿಲ್ಲ, ಅದು ತಳಪಾಯದ ವಿಷಯವಾಗಿರಬಹುದು.) ಬಳಿಕ ಕನ್ನಡಕ, ಕೈಗವಸು, ಧೂಳು ತಡೆಯುವ ಮುಖಗವಸು ತೊಟ್ಟು, ಉಳಿ ಸುತ್ತಿಗೆಗಳಿಂದ ಸುಮಾರು 10 ಮಿ.ಮೀ. ಅಗಲದ ಸಂದುಗಳನ್ನು 20ರಿಂದ 25 ಮಿ.ಮೀ. ಆಳಕ್ಕೆ ಕೆರೆದೆ. ತಿರುಗುವ ಬಿಲ್ಲೆಯಿಂದ ಕತ್ತರಿಸುವ ಗ್ರೈಂಡರ್ ಯಂತ್ರ ಬೇಗ ಮುಗಿಸುತ್ತದೆ, ಆದರೆ ಕೈ ತಪ್ಪಿದರೆ ಇಟ್ಟಿಗೆಯ ಅಂಚನ್ನೂ ಕತ್ತರಿಸುತ್ತದೆ. ಕಲಿಯುವವರಿಗೆ ಉಳಿಯೇ ಲೇಸು.

ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣದ ಪುಡಿ, ಆರು ಪಾಲು ಜರಡಿ ಹಿಡಿದ ಮರಳು, ಇಷ್ಟನ್ನು ಒಣಗಿದ್ದಾಗಲೇ ಬೆರೆಸಿ, ಉಂಡೆ ಕಟ್ಟಿದರೆ ನಿಲ್ಲುವಷ್ಟು ಮಾತ್ರ ನೀರು ಹಾಕಿದೆ. ಸುಣ್ಣದ ಗಾರೆಯಲ್ಲಿಯೇ ಕಟ್ಟಿದ ಬಹಳ ಹಳೆಯ ಗೋಡೆಯಾಗಿದ್ದರೆ ಸಿಮೆಂಟನ್ನು ಪೂರ್ತಿ ಬಿಡುವುದೇ ಒಳ್ಳೆಯದು. ಸಂದುಗಳ ಧೂಳನ್ನು ಬ್ರಷ್‌ನಿಂದ ತೆಗೆದು ನೀರು ಚಿಮುಕಿಸಿದೆ, ಏಕೆಂದರೆ ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಒಮ್ಮೆಗೇ ತುಂಬದೆ, ಸುಮಾರು 10 ಮಿ.ಮೀ. ಪದರಗಳಲ್ಲಿ ಒತ್ತಿ ತುಂಬಿ, ಹೆಬ್ಬೆರಳು ಒತ್ತಿದರೆ ಗುರುತು ಮಾತ್ರ ಮೂಡುವ ಹದಕ್ಕೆ ಬಂದ ಮೇಲೆ ಮುಂದಿನ ಪದರ ಹಾಕಿದೆ. ಪೂರ್ತಿ ಒಡೆದಿದ್ದ ಎರಡು ಇಟ್ಟಿಗೆಗಳನ್ನು ಒಂದಾದ ಮೇಲೊಂದರಂತೆ ಬಿಡಿಸಿ, ನೀರಿನಲ್ಲಿ ನೆನೆಸಿದ ಹೊಸವನ್ನು ಕೂರಿಸಿದೆ.

ಹಲವು ದಿನ ಒದ್ದೆ ಗೋಣಿಚೀಲ ಹೊದಿಸಿದ್ದೆ. ಕೆಲವು ತಿಂಗಳಾದ ಮೇಲೆ ಗೋಡೆಯಲ್ಲಿ ಬಿಳಿಯ ಲವಣ ಮತ್ತೆ ಕಾಣಿಸಿತು, ಆದರೆ ಈ ಬಾರಿ ಇಟ್ಟಿಗೆಯ ಮೇಲಲ್ಲ, ಸಂದಿನ ಗೆರೆಗಳ ಮೇಲೆ. ನೀರು ತಾಗಿಸದೆ ಒಣ ಬ್ರಷ್‌ನಿಂದ ಉಜ್ಜಿ ತೆಗೆದೆ.