ಬೇತಾಳನ ಹೆಗಲೇರಿ ಕಥೆ ಬರೆದದ್ದು

ಮಾಸ್ತಿ, ಅನಂತಮೂರ್ತಿ, ತೇಜಸ್ವಿ ಎಲ್ಲರನ್ನೂ ಓದಿ ಕಲಿತಿದ್ದೇನೆ. ಆದರೆ ಅವರ ಪುಸ್ತಕಗಳು ಕೈಗೆ ಸಿಗುವ ಹೊತ್ತಿಗೆ, ಕಥೆಯೆಂದರೆ ಹೀಗಿರಬೇಕು ಎಂಬ ಅಚ್ಚು ನನ್ನೊಳಗೆ ಆಗಲೇ ಬಿದ್ದಿತ್ತು. ಅದನ್ನು ಒತ್ತಿದವನು ಚಂದಮಾಮದ ಬೇತಾಳ.

1949ರಲ್ಲಿ ಕನ್ನಡದಲ್ಲಿ ಶುರುವಾದ ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಪಕ್ಕದ ಮನೆಯವರು ದಾರ ಹಾಕಿ ಹೊಲಿದು ಅಟ್ಟದಲ್ಲಿ ಇಟ್ಟಿದ್ದರು. ಬೇತಾಳ ಕಥೆಯ ಮೊದಲ ಪುಟದಲ್ಲಿ ಶಂಕರ್ ಬರೆದ ಚಿತ್ರ: ರಾಜ ತ್ರಿವಿಕ್ರಮನ ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಬೇತಾಳ ಹೊಕ್ಕ ಹೆಣ. ಅಕ್ಕ ಗಟ್ಟಿಯಾಗಿ ಓದುತ್ತಿದ್ದಳು. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ರಾಜನ ಉತ್ತರದ ಮೇಲೆ ಅಂಗೈ ಮುಚ್ಚಿ, 'ನೀನು ಹೇಳು' ಎನ್ನುತ್ತಿದ್ದಳು. ಊಟಕ್ಕೆ ಕರೆಯುವವರೆಗೂ ವಾದ ನಡೆಯುತ್ತಿತ್ತು. ಎಷ್ಟೋ ಸಲ ರಾಜನ ಉತ್ತರ ನಮ್ಮದಕ್ಕಿಂತ ಸಪ್ಪೆಯಾಗಿರುತ್ತಿತ್ತು.

ಬೇತಾಳನ ಮೂಲ ಕಥೆಗಳು 25. 11ನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿಯೂ ಅವು ಇವೆ. ಅವು ಮುಗಿದ ಮೇಲೂ ಚಂದಮಾಮದವರು ಅದೇ ಚೌಕಟ್ಟಿನಲ್ಲಿ ಹೊಸ ಕಥೆಗಳನ್ನು ಹೆಣೆಯುತ್ತಲೇ ಹೋದರು. ಮೂಲದ್ದು ಯಾವುದು, ಹೆಣೆದದ್ದು ಯಾವುದು ಎಂದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಆ 25ರಲ್ಲಿ ನನ್ನನ್ನು ಬಿಡದೆ ಕಾಡಿದ್ದು ಮಂದಾರವತಿಯ ಕಥೆ. ಅವಳನ್ನು ಬಯಸಿದವರು ಮೂವರು. ಅವಳು ಸತ್ತಾಗ ಒಬ್ಬ ಚಿತೆಯ ಬೂದಿಯ ಮೇಲೆಯೇ ಮಲಗುತ್ತಾನೆ, ಇನ್ನೊಬ್ಬ ಅಸ್ಥಿಯನ್ನು ಗಂಗೆಗೆ ಒಯ್ಯುತ್ತಾನೆ, ಮತ್ತೊಬ್ಬ ಎಲ್ಲಿಂದಲೋ ಮಂತ್ರ ತಂದು ಅವಳನ್ನು ಬದುಕಿಸುತ್ತಾನೆ. ಅವಳು ಯಾರಿಗೆ ಸೇರಬೇಕು? ಬದುಕಿಸಿದವನು ತಂದೆಗೆ ಸಮ, ಅಸ್ಥಿ ಒಯ್ದವನು ಮಗನಿಗೆ ಸಮ, ಬೂದಿ ಬಿಟ್ಟು ಕದಲದವನೇ ಗಂಡ ಎಂದು ರಾಜ ತೀರ್ಪು ಕೊಡುತ್ತಾನೆ. ಮಂದಾರವತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಕ್ಕನಿಗೆ ಇದೇ ಸಿಟ್ಟು.

ದೊಡ್ಡವನಾದ ಮೇಲೆ ನಾನು ಒಂದು ಕೊಳವೆ ಬಾವಿಯ ಕಥೆ ಬರೆದೆ. ಅಣ್ಣ ಊರಲ್ಲೇ ಉಳಿದು ಅಡಿಕೆ ತೋಟ ನೋಡಿಕೊಂಡವನು. ತಮ್ಮ ಮಸ್ಕತ್‌ನಿಂದ ಬಾವಿಗೆ ಹಣ ಕಳಿಸಿದವನು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತಿರುಗಿ, ನೀರಿನ ಜಾಗ ತೋರಿಸಿದವನು ದಾಯಾದಿ. ಪಾಲಿನ ಹೊತ್ತಿಗೆ ನೀರು ಯಾರದು? ಕರಡು ಮುಗಿದ ಮೇಲೆ ನೋಡಿದರೆ ಅದೇ ಮೂವರು! ತ್ರಿವಿಕ್ರಮನಷ್ಟೇ ಛಲ ಬೇತಾಳನಿಗೂ ಇರಬೇಕು.

ಅಂದಿನಿಂದ ಇದನ್ನು ತಿಳಿದೇ ಬಳಸುತ್ತೇನೆ. ಮೊದಲು ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಹಕ್ಕು ಕೇಳುವ ಪ್ರತಿಯೊಬ್ಬರ ವಾದವನ್ನೂ ಅವರವರ ಬಾಯಿಂದಲೇ ಬರೆಯುತ್ತೇನೆ. ಅದರಲ್ಲಿ ಒಂದು ಸಾಲೂ ಕಥೆಗೆ ಹೋಗುವುದಿಲ್ಲ. ಒಬ್ಬನ ವಾದ ಗೆದ್ದೇಬಿಟ್ಟರೆ ಕಥೆಯನ್ನು ಪೆಟ್ಟಿಗೆಗೆ ಹಾಕುತ್ತೇನೆ. ಬೇತಾಳನಿಂದ ಕದ್ದ ಇನ್ನೊಂದು ಉಪಾಯ ಇದಕ್ಕಿಂತ ದೊಡ್ಡದು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿಯುತ್ತದೆ, ಹೇಳಿದರೆ ಹೆಣ ಮರಕ್ಕೆ ಹಾರುತ್ತದೆ. ಇಂಥ ಇಕ್ಕಟ್ಟಿನಲ್ಲಿ ಸಿಕ್ಕಿದ ಒಬ್ಬರನ್ನಾದರೂ ಕಥೆಯಲ್ಲಿ ಇಡುತ್ತೇನೆ. ಬಾವಿಯ ಕಥೆಯಲ್ಲಿ ಅದು ತಾಯಿ. ಆ ಜಾಗದಲ್ಲಿ ಹಿಂದೆ ಒರತೆಯಿತ್ತೆಂದು ಗಂಡ ಹೇಳಿದ್ದು ಅವಳಿಗೆ ನೆನಪಿದೆ. ಬಾಯಿ ಬಿಟ್ಟರೆ ದಾಯಾದಿಯ ಹಕ್ಕು ಬೀಳುತ್ತದೆ, ಮಕ್ಕಳ ಜಗಳ ಬಲಿಯುತ್ತದೆ. ಮಂದಾರವತಿಗೆ ಸಿಗದ ಮಾತನ್ನು ಇವಳಿಗೆ ಕೊಟ್ಟು, ಆಡುವುದು ಬಿಡುವುದು ಅವಳಿಗೇ ಸೇರಿದ್ದು ಎಂದು ಬಿಟ್ಟೆ.

ಉತ್ತರವನ್ನು ಏನು ಮಾಡಬೇಕು ಎಂಬುದಕ್ಕೆ ನನಗೆ ದಾರಿ ತೋರಿಸಿದ್ದು ಗಿರೀಶ ಕಾರ್ನಾಡರ 'ಹಯವದನ'. ಗಂಡನ ತಲೆ ಇನ್ನೊಬ್ಬನ ದೇಹಕ್ಕೆ, ಅವನ ತಲೆ ಗಂಡನ ದೇಹಕ್ಕೆ ಅದಲುಬದಲಾದ ಬೇತಾಳ ಕಥೆಯನ್ನು ಅವರು ಜರ್ಮನ್ ಲೇಖಕ ಥಾಮಸ್ ಮನ್‌ನ ಕಿರುಕಾದಂಬರಿಯ ಮೂಲಕವೂ ಹಾದು ಬಂದು ಎತ್ತಿಕೊಂಡರು. ತಲೆ ಇದ್ದವನೇ ಗಂಡ ಎಂಬ ತೀರ್ಪು ಬೇತಾಳ ಕಥೆಯ ಕೊನೆಯಲ್ಲಿ ಬಂದರೆ, ನಾಟಕದಲ್ಲಿ ನಡುವೆಯೇ ಬಂದುಬಿಡುತ್ತದೆ. ದೇಹಗಳು ತಲೆಗೆ ತಕ್ಕಂತೆ ಬದಲಾಗುತ್ತವೆ, ನಾಯಕಿ ಪದ್ಮಿನಿಯ ಬಯಕೆ ಮಾತ್ರ ತೀರುವುದಿಲ್ಲ. ತೀರ್ಪಿನ ನಂತರದ ಕಥೆ ಅದು.

ನನ್ನ ಬಾವಿಯ ಕಥೆ ಅಚ್ಚಾದಾಗ ಪತ್ರಗಳು ಬಂದವು. ಕೆಲವರು ಅಣ್ಣನ ಪರ, ಕೆಲವರು ತಮ್ಮನ ಪರ. ಕೊಳವೆ ಬಾವಿ ಕೊರೆಸುವ ಗುತ್ತಿಗೆದಾರರೊಬ್ಬರು ಮಾತ್ರ ಬೇರೆಯೇ ತಕರಾರು ತೆಗೆದಿದ್ದರು: ಇಷ್ಟೆಲ್ಲ ಬರೆದಿದ್ದೀರಿ, ಲಾರಿಯವನ ಬಾಕಿ ಯಾರು ಕೊಟ್ಟರು?