ಟ್ರೈಲರಿಗೆ ಹೊರಗಿನಿಂದ ತೆರೆಯುವ ಡಿಕ್ಕಿ

ಒದ್ದೆ ಟಾರ್ಪಾಲು, ಹೊಯಿಗೆ (ಮರಳು) ಮೆತ್ತಿದ ಚಾಪೆ, ನೀರಿನ ಪೈಪು, ಚಕ್ರಕ್ಕೆ ಕೊಡುವ ಅಡೆ, ಜ್ಯಾಕಿನ ಅಡಿಗೆ ಇಡುವ ಹಲಗೆ ತುಂಡು, ಮೀನು ಸುಟ್ಟ ಒಲೆ. ಮರವಂತೆಯಿಂದ ಹೊರಡುವ ಹೊತ್ತಿಗೆ ಇಷ್ಟೂ ಹಾಸಿಗೆಯ ಪಕ್ಕ ಇರುತ್ತಿತ್ತು. ತಿರುಗಾಟಕ್ಕೆ ಹೋದಲ್ಲಿ ಮಲಗಲು, ಅಡುಗೆ ಮಾಡಲು ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ ನಮ್ಮ ಟ್ರೈಲರಿನಲ್ಲಿ ಜಾಗ ಕಡಿಮೆ ಎಂದು ನನಗೆ ಯಾವತ್ತೂ ಅನಿಸಿದ್ದಿಲ್ಲ. ಹೊರಗೆ ಇರಬೇಕಾದ ಸಾಮಾನಿಗೆ ಹೊರಗಿನಿಂದ ದಾರಿ ಇರಲಿಲ್ಲ, ಅಷ್ಟೇ. ಆ ದಾರಿ ಮಾಡಿಕೊಂಡ ಕತೆ ಇದು.

ಗಾಡಿ ಸಣ್ಣದು. ಒಂದೇ ಆಕ್ಸಲ್, ಮೈಯ ಉದ್ದ ಹನ್ನೆರಡು ಅಡಿ, ಎಳೆಯುವುದು ಬೊಲೆರೊ. ಮುಂದೆ ಅಡ್ಡಕ್ಕೆ ಮಂಚ, ಹಿಂದೆ ಅಡುಗೆಯ ಕಟ್ಟೆ. ಮಂಚದ ಅಡಿಯಲ್ಲಿ ಆರಡಿ ಉದ್ದದ ಪೊಳ್ಳು ಉಂಟು. ಅದರೊಳಗೆ ಕೈ ಹಾಕಬೇಕಾದರೆ ಹಾಸಿಗೆ ಮಡಚಿ, ಹಲಗೆ ಎತ್ತಿ, ಮಂಡಿಯೂರಬೇಕು. ಹಾಗಾಗಿ ಅಲ್ಲಿಗೆ ಹೋದ ಸಾಮಾನು ಮನೆಗೆ ಬಂದ ಮೇಲೆಯೇ ಹೊರಗೆ ಬರುತ್ತಿತ್ತು.

ಏನು ಮಾಡುವುದಿದ್ದರೂ ಮೊದಲು ಆರ್‌ಸಿ ತೆಗೆದು ನೋಡಬೇಕು. ನಮ್ಮಲ್ಲಿ ಟ್ರೈಲರಿಗೂ ಅದರದ್ದೇ ನೋಂದಣಿ ಇರುತ್ತದೆ, ಉದ್ದ, ಅಗಲ, ತೂಕ ಎಲ್ಲ ದಾಖಲಾಗಿರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಮಾಡುವ ಹಾಗಿಲ್ಲ. ಹಿಂದಕ್ಕೆ ಒಂದಡಿ ಚಾಚುವ ಪೆಟ್ಟಿಗೆ ಕಟ್ಟಿದರೆ ಉದ್ದ ಬದಲಾಯಿತು, ನಂಬರ್ ಪ್ಲೇಟೂ ದೀಪವೂ ಮರೆಯಾದವು. ಆದ್ದರಿಂದ ಗಾಡಿಯ ಹೊರಗೆರೆ ಎಲ್ಲಿಯೂ ಮೀರಬಾರದು ಎಂದು ಮೊದಲೇ ಗೆರೆ ಎಳೆದುಕೊಂಡೆ. ಗೋಡೆಯಲ್ಲಿ ಬಾಗಿಲು ಕೊರೆಯುವ ವಿಷಯವನ್ನು ಆರ್‌ಟಿಓ ಕಚೇರಿಯಲ್ಲಿ ಚಿತ್ರ ತೋರಿಸಿ ಕೇಳಿಯೇ ಮುಂದೆ ಹೋದದ್ದು.

ಎರಡನೆಯದು ತೂಕ. ಇದನ್ನು ಬಿಟ್ಟು ಪೆಟ್ಟಿಗೆ ಕಟ್ಟುವವರನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ. ಒಂದೇ ಆಕ್ಸಲಿನ ಗಾಡಿ ಎಂದರೆ ತಕ್ಕಡಿ. ಅದರ ಮುಂದಿನ ಕೊಕ್ಕೆ, ಎಳೆಯುವ ಗಾಡಿಯ ಹಿಂದಿರುವ ಕಬ್ಬಿಣದ ಗುಂಡಿನ (ಬಾಲ್) ಮೇಲೆ ಸಾಕಷ್ಟು ಭಾರ ಹೇರಿ ಕೂತಿರಬೇಕು. ಅದು ಹಗುರವಾದರೆ ವೇಗದಲ್ಲಿ ಹಿಂಭಾಗ ಆಚೀಚೆ ಬೀಸಲು ಸುರುವಾಗುತ್ತದೆ. ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಕೊಕ್ಕೆಯ ಮೇಲಿರಬೇಕು ಎಂಬುದು ಅಮೆರಿಕದವರ ಲೆಕ್ಕ. ಯುರೋಪಿನವರು ಇನ್ನೂ ಕಡಿಮೆಯಲ್ಲೇ ಓಡಿಸುತ್ತಾರೆ. ನಮ್ಮ ಗಾಡಿ ಸಾಮಾನು ತುಂಬಿದಾಗ ವೇಬ್ರಿಡ್ಜಿನಲ್ಲಿ 640 ಕೆ.ಜಿ. ತೋರಿಸಿತು. ಕೊಕ್ಕೆಯ ಭಾರ ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಮೆಷಿನು ಸಾಕು. ಬಾಲ್ ಇರುವಷ್ಟೇ ಎತ್ತರಕ್ಕೆ ಒಂದು ಮರದ ತುಂಡು ಕತ್ತರಿಸಿ ಮೆಷಿನಿನ ಮೇಲೆ ನಿಲ್ಲಿಸಿ, ಕೊಕ್ಕೆಯನ್ನು ಅದರ ಮೇಲೆ ಇಳಿಸಿದೆ: 58 ಕೆ.ಜಿ. ನೂರಕ್ಕೆ ಒಂಬತ್ತು. ಭಾರ ಮೆಷಿನಿನ ಮಿತಿ ಮೀರುವ ಗಾಡಿಯಾದರೆ ಮೂರಡಿ ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಮೆಷಿನಿನ ಮೇಲೆ ಇಟ್ಟು, ಇಟ್ಟಿಗೆಯಿಂದ ಒಂದಡಿ ದೂರದಲ್ಲಿ ಕೊಕ್ಕೆ ಇಳಿಸಿ. ಮೆಷಿನು ತೋರಿಸಿದ್ದರ ಮೂರು ಪಾಲು ನಿಜವಾದ ಭಾರ.

ಇಷ್ಟು ಗೊತ್ತಾದರೆ ಉಳಿದದ್ದು ಶಾಲೆಯ ಗಣಿತ. ನಮ್ಮ ಗಾಡಿಯಲ್ಲಿ ಆಕ್ಸಲಿನಿಂದ ಕೊಕ್ಕೆಗೆ 2.8 ಮೀಟರ್. ಭಾವ ಬಂದವರು, "ಹಿಂದೆ ಒಂದು ಸ್ಟ್ಯಾಂಡ್ ಬೆಸುಗೆ ಮಾಡಿಸು ಮಾರಾಯ, ಮಕ್ಕಳ ಎರಡು ಸೈಕಲ್ ಕೂತುಕೊಳ್ತದೆ" ಎಂದರು. ಸ್ಟ್ಯಾಂಡೂ ಸೈಕಲ್ಲುಗಳೂ ಸೇರಿ 40 ಕೆ.ಜಿ. ಎಂದಿಟ್ಟುಕೊಳ್ಳಿ, ಆಕ್ಸಲಿನಿಂದ 2.1 ಮೀಟರ್ ಹಿಂದೆ. 40ನ್ನು 2.1ರಿಂದ ಗುಣಿಸಿ 2.8ರಿಂದ ಭಾಗಿಸಿದರೆ 30. ಅಂದರೆ ಕೊಕ್ಕೆಯ ಮೇಲಿನ 58ರಲ್ಲಿ 30 ಮೇಲೆದ್ದು ಹೋಗಿ ಉಳಿಯುವುದು ಬರೀ 28. ಅಂಥ ಗಾಡಿ ಎಳೆದುಕೊಂಡು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸೊಂದು ಉಜ್ಜಿಕೊಂಡೇ ಓವರ್‌ಟೇಕ್ ಮಾಡಿದರೆ ಏನಾಗುತ್ತದೆ ಎಂದು ಕೇಳಿದೆ. ಭಾವ ಚಹಾ ಕುಡಿದು ಬೇರೆ ಮಾತು ತೆಗೆದರು. ಮುಂದೆಯೂ ಅಷ್ಟೇ ತೂಕ ಹೇರಿ ಸರಿದೂಗಿಸಬಹುದಲ್ಲ ಎನ್ನುವವರು ಇದ್ದಾರೆ. ಕಾಟಾದಲ್ಲಿ ಸರಿ ಕಾಣುತ್ತದೆ, ಆದರೆ ಎರಡೂ ತುದಿಯಲ್ಲಿ ಭಾರ ಇರುವ ಗಾಡಿ ಒಮ್ಮೆ ಬೀಸತೊಡಗಿದರೆ ನಿಲ್ಲಿಸುವುದು ಕಷ್ಟ. ಭಾರದ್ದು ಆಕ್ಸಲಿನ ಹತ್ತಿರ, ಹಗುರದ್ದು ತುದಿಗೆ. ಹಿಂದಿನ ಪೆಟ್ಟಿಗೆಯ ಆಸೆ ಬಿಡಲು ಇನ್ನೊಂದು ಕಾರಣ ಆಗುಂಬೆ ಘಾಟಿ. ಆ 14 ಹೇರ್‌ಪಿನ್ ತಿರುವುಗಳಲ್ಲಿ ಮುಂದಿನ ಗಾಡಿ ಏರಿನಲ್ಲಿ, ಟ್ರೈಲರ್ ಇನ್ನೂ ತಗ್ಗಿನಲ್ಲಿ ಇರುವಾಗ ಹಿಂದೆ ಕೆಳಗೆ ಜೋತ ವಸ್ತು ಏನಿದ್ದರೂ ರಸ್ತೆಗೆ ಕೆರೆಯುತ್ತದೆ.

ಹಾಗೆ ನೋಡುತ್ತಾ ಹೋದರೆ ಮಂಚದ ಅಡಿಯ ಪೊಳ್ಳೇ ಎಲ್ಲಕ್ಕಿಂತ ಒಳ್ಳೆಯ ಜಾಗ. ಸಾಮಾನು ಹೇಗೂ ಅದರ ಆಸುಪಾಸಿನಲ್ಲೇ ಇರುತ್ತಿತ್ತು, ತೂಕದ ಲೆಕ್ಕ ಹೆಚ್ಚು ಬದಲಾಗುವುದಿಲ್ಲ, ಹೊಸದಾಗಿ ಸೇರುವುದು ಒಂದು ಬಾಗಿಲಿನ ಭಾರ. ಅದು ಚಕ್ರದ ಮುಂದೆ ಇರುವುದೂ ಅದೃಷ್ಟವೇ. ಚಕ್ರದ ಹಿಂದೆ ಬಾಗಿಲು ಇಟ್ಟರೆ ಮಳೆಗಾಲದಲ್ಲಿ ಟಯರ್ ಎರಚುವ ಕೆಸರೆಲ್ಲ ರಬ್ಬರಿನ ಸಂದಿಗೇ ಬಂದು ಕೂರುತ್ತದೆ. ಎಡಬದಿಗೆ ಮಾತ್ರ ಬಾಗಿಲು ಸಾಕು ಎಂದು ತೀರ್ಮಾನಿಸಿದೆ, ರಸ್ತೆ ಬದಿ ನಿಲ್ಲಿಸಿದಾಗ ಬಸ್ಸುಗಳಿಗೆ ಬೆನ್ನು ಕೊಟ್ಟು ಬಗ್ಗಬೇಕಾಗಿಲ್ಲ.

ಬಾಗಿಲಿನ ಅಳತೆಗೆ ಮೊದಲು ನಾನು ತಂದದ್ದು ಮಲ್ಪೆ ಬಂದರಿನಲ್ಲಿ ಬಳಸುವಂಥ ಪ್ಲಾಸ್ಟಿಕ್ ಮೀನಿನ ಕ್ರೇಟು. ತೂತು ಇರುವುದರಿಂದ ನೀರು ಇಳಿಯುತ್ತದೆ, ಹೊಯಿಗೆ ಕೊಡವಿದರೆ ಹೋಗುತ್ತದೆ, ಎಷ್ಟು ಎಳೆದಾಡಿದರೂ ಮುರಿಯುವುದಿಲ್ಲ. ಹೊಸದನ್ನೇ ತನ್ನಿ, ಹಳೆಯದರ ವಾಸನೆ ಯಾವ ಸಾಬೂನಿಗೂ ಬಗ್ಗುವುದಿಲ್ಲ. ಕ್ರೇಟಿನ ಅಗಲಕ್ಕೂ ಎತ್ತರಕ್ಕೂ ಎರಡೆರಡು ಇಂಚು ಸೇರಿಸಿ ಬಾಗಿಲು ಗುರುತು ಮಾಡಿದೆ. ಒಂದರ ಹಿಂದೆ ಒಂದು ಕ್ರೇಟು ಹೋಗುತ್ತದೆ, ಒಳಗಿನ ಕ್ರೇಟಿಗೆ ನೈಲಾನ್ ಹಗ್ಗ ಕಟ್ಟಿದ್ದೇನೆ, ಎಳೆದರೆ ಬರುತ್ತದೆ.

ಕೊರೆಯುವ ಕೆಲಸಕ್ಕೆ ಸಂತೆಕಟ್ಟೆ ಕಡೆಯ ಆಚಾರ್ರೊಬ್ಬರನ್ನು ಜೊತೆಗೆ ಕರೆದೆ. ಬಸ್ ಬಾಡಿ ಕಟ್ಟುವಲ್ಲಿ ಪಳಗಿದವರು. ಗೋಡೆಯ ಹೊರಗೆ ಅಲ್ಯೂಮಿನಿಯಂ ತಗಡು, ನಡುವೆ ಫೋಮು, ಒಳಗೆ ತೆಳು ಪ್ಲೈವುಡ್. ಇವುಗಳ ನಡುವೆ ಕಬ್ಬಿಣದ ಚೌಕ ಪೈಪಿನ ಚೌಕಟ್ಟು ಉಂಟು. ಅವರು ಜೇಬಿನಿಂದ ಒಂದು ಆಯಸ್ಕಾಂತ ತೆಗೆದು ಗೋಡೆಯ ಮೇಲೆ ಮೆಲ್ಲ ಜಾರಿಸಿದರು. ಅದು ಅಂಟಿದ ಕಡೆಯಲ್ಲೆಲ್ಲ ಪೆನ್ಸಿಲಿನ ಗುರುತು. ಎರಡು ಪೈಪುಗಳ ನಡುವೆ ನಮ್ಮ ಬಾಗಿಲು ಸರಿಯಾಗಿ ಕೂರುತ್ತಿತ್ತು, ಒಂದು ಪೈಪೂ ಕತ್ತರಿಸಬೇಕಾಗಲಿಲ್ಲ. ಪೈಪು ಅಡ್ಡ ಬಂದರೆ ಬಾಗಿಲನ್ನೇ ಸರಿಸಿ, ಪೈಪನ್ನು ಮುಟ್ಟಬೇಡಿ. ಒಳಗೆ ವಯರು ಹೋಗಿದೆಯೋ ಎಂದು ಮಂಚದ ಅಡಿಯಿಂದ ಟಾರ್ಚ್ ಹಾಕಿ ನೋಡಿ, ಬ್ಯಾಟರಿಯ ಸಂಪರ್ಕವನ್ನೂ ತೆಗೆದಿಟ್ಟೆವು.

"ಮೂಲೆ ಚೂಪು ಬಿಟ್ಟರೆ ತಗಡು ಅಲ್ಲಿಂದಲೇ ಸೀಳ್ತದೆ ಸರ್" ಎಂದು ಆಚಾರ್ರು ನಾಲ್ಕೂ ಮೂಲೆಗೆ ದೊಡ್ಡ ತೂತು ಕೊರೆದರು. ಗೆರೆಯ ಆಚೀಚೆ ಅಗಲದ ಮಾಸ್ಕಿಂಗ್ ಟೇಪು ಅಂಟಿಸಿದೆವು, ಜಿಗ್‌ಸಾ ಗರಗಸದ ತಳ ಬಣ್ಣ ಗೀರಬಾರದು ಎಂದು. ಲೋಹ ಕೊಯ್ಯುವ ಸಣ್ಣ ಹಲ್ಲಿನ ಬ್ಲೇಡು, ಅವಸರವಿಲ್ಲದ ಕೈ. ಕತ್ತರಿಸಿ ತೆಗೆದ ತುಂಡೇ ಬಾಗಿಲಾಯಿತು. ಬಣ್ಣ, ದಪ್ಪ, ಗೋಡೆಯ ಸಣ್ಣ ಬಾಗು ಎಲ್ಲ ತಾನಾಗಿಯೇ ಹೊಂದಿತು. ಬೇರೆ ಬಾಗಿಲು ಮಾಡಿಸಿದ್ದರೆ ಹಣ ಹೋಗುತ್ತಿತ್ತು, ತೇಪೆ ಹಾಕಿದ ಹಾಗೆಯೂ ಕಾಣುತ್ತಿತ್ತು. ತುಂಡಿನ ಸುತ್ತಲೂ ಗೋಡೆಯ ಕಡಿದ ಅಂಚಿಗೂ ಅಲ್ಯೂಮಿನಿಯಂ ಚಾನೆಲ್ ತೊಡಿಸಿ, ತೊಡಿಸುವ ಮೊದಲು ಪ್ಲೈವುಡ್ಡಿನ ಬಾಯಿಗೆ ರೆಸಿನ್ ಕುಡಿಸಿದೆವು. ಉಡುಪಿಯ ಮಳೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು. ಬರೀ ಪ್ಲೈವುಡ್ ಅಂಚು ಬಿಟ್ಟರೆ ಒಂದು ಆಟಿ ತಿಂಗಳು ಮುಗಿಯುವುದರೊಳಗೆ ಹಪ್ಪಳದ ಹಾಗೆ ಪದರ ಬಿಡುತ್ತದೆ.

ಹಿಂಜಸ್ ಮೇಲ್ಗಡೆ, ಬಾಗಿಲು ಮೇಲಕ್ಕೆ ತೆರೆಯುವುದು. ಹೀಗಿದ್ದರೆ ಮಳೆಯಲ್ಲಿ ಬಾಗಿಲೇ ಕೊಡೆಯಾಗುತ್ತದೆ, ಬೀಗ ಸಡಿಲವಾದರೂ ಓಡುವಾಗ ಬಾಗಿಲು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಹಿಂಜಸ್ಸಿನ ಮೇಲೆ ಒಂದಿಂಚಿನ ಅಲ್ಯೂಮಿನಿಯಂ ಆಂಗಲ್ ಅಡ್ಡಕ್ಕೆ ಕೂರಿಸಿ, ಒಂದು ಕಡೆಗೆ ತುಸು ಇಳಿಜಾರು ಕೊಟ್ಟೆವು. ಗೋಡೆಯಲ್ಲಿ ಇಳಿದು ಬರುವ ನೀರು ಅಲ್ಲೇ ತಿರುಗಿ ಬದಿಗೆ ಹೋಗುತ್ತದೆ. ಬಾಗಿಲಿನ ಸುತ್ತ ಬಸ್ಸಿನ ಡಿಕ್ಕಿಗೆ ಹಾಕುವ ಪೊಳ್ಳು ರಬ್ಬರು. ತಿರುಗಿಸಿ ಎಳೆದು ಬಿಗಿಯುವ ಬೀಗವೂ ಬಸ್ಸಿನದ್ದೇ. ಹಿಂಜಸ್ಸಿನ ಅಡಿಗೆ ನೀರು ತಡೆಯುವ ಬ್ಯೂಟೈಲ್ ಅಂಟುಟೇಪು, ಜೋಡಣೆಗಳ ಅಂಚಿಗೆ ಸಂದಿ ಮುಚ್ಚುವ ಪಿಯು (ಪಾಲಿಯುರೆಥೇನ್) ಸೀಲೆಂಟ್. ಬಚ್ಚಲಿಗೆ ಹಾಕುವ ಸಿಲಿಕಾನ್ ಬೇಡ. ಅದು ಕಿತ್ತುಬಂದ ದಿನ ಅದರ ಮೇಲೆ ಬೇರೆ ಯಾವುದೂ ಅಂಟುವುದಿಲ್ಲ.

ಸ್ಕ್ರೂ ವಿಷಯ ಸಮುದ್ರ ತೀರದವರಿಗೆ ಮಾತ್ರ. ಅಲ್ಯೂಮಿನಿಯಂ ತಗಡಿಗೆ ನೇರವಾಗಿ ಸ್ಟೀಲ್ ಸ್ಕ್ರೂ ಬಿಗಿದು ಉಪ್ಪುಗಾಳಿಗೆ ಬಿಟ್ಟರೆ, ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ಪ್ರತಿ ಸ್ಕ್ರೂವಿಗೂ ನೈಲಾನ್ ವಾಷರ್, ತೂತಿನೊಳಗೆ ಒಂದು ಹನಿ ಸೀಲೆಂಟ್. 304 ದರ್ಜೆಯ ಸ್ಟೀಲು ಇಲ್ಲಿ ಬೇಗ ಕಂದು ಕಲೆ ಹಿಡಿಯುತ್ತದೆ. ಬೋಟಿನ ಸಾಮಾನಿನ ಅಂಗಡಿಯಲ್ಲಿ 316 ಕೇಳಿ ತಂದೆ.

ಎರಡನೇ ಜಾಗ ಮುಂದಿನ ತ್ರಿಕೋನ, ಕೊಕ್ಕೆಗೂ ಮೈಗೂ ನಡುವಿನದ್ದು. ಅಲ್ಲಿಗೆ ಫೈಬರ್ ಪೆಟ್ಟಿಗೆ. ಮಲ್ಪೆಯ ಕಡೆ ಬೋಟಿಗೆ ಫೈಬರ್ ಹೊಡೆಯುವವರಿಗೆ ಇದು ಕೈಯಾಟ. ಆದರೆ ಸಮಯ ನೋಡಿ ಹೋಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ರಿಪೇರಿ ಕೆಲಸದವರು ನಮ್ಮ ಮುಖ ನೋಡುವುದಿಲ್ಲ. ತೇವದ ಗಾಳಿಯಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗುವುದೂ ಇಲ್ಲ. ದೀಪಾವಳಿ ಕಳೆದ ಮೇಲೆ ಹೋದೆ.

ಹೋಗುವ ಮೊದಲು ಫ್ರಿಜ್ಜಿನ ರಟ್ಟಿನಿಂದ ಅದೇ ಅಳತೆಯ ಪೆಟ್ಟಿಗೆ ಮಾಡಿ, ತ್ರಿಕೋನದ ಮೇಲೆ ಕಟ್ಟಿ, ಖಾಲಿ ಮೈದಾನದಲ್ಲಿ ಎರಡೂ ಕಡೆಗೆ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದೆ. ಬೊಲೆರೊದ ಹಿಂಬಾಗಿಲು ಬದಿಗೆ ತೆರೆಯುತ್ತದೆ, ಬೆನ್ನ ಮೇಲೆ ಸ್ಟೆಪ್ನಿ ಬೇರೆ. ರಟ್ಟಿನ ಎಡ ಮೂಲೆ ಜಜ್ಜಿತು. ಆ ಜಜ್ಜಿದ ಗುರುತನ್ನೇ ಬೋಟಿನವರಿಗೆ ತೋರಿಸಿ, ಮುಂದಿನ ಎರಡು ಮೂಲೆ ಓರೆ ಮಾಡಿಸಿ, ಎತ್ತರ ಸ್ಟೆಪ್ನಿಗಿಂತ ತಗ್ಗಿಸಿದೆ. ತ್ರಿಕೋನದ ಕಬ್ಬಿಣಕ್ಕೆ ತೂತು ಕೊರೆಯಲಿಲ್ಲ, ಬೆಸುಗೆಯೂ ಇಲ್ಲ. ಇಡೀ ಗಾಡಿಯ ಎಳೆತ ಬೀಳುವ ಜಾಗ ಅದು. ಯು-ಬೋಲ್ಟ್ ನಾಲ್ಕು, ನಡುವೆ ರಬ್ಬರ್.

ಪೆಟ್ಟಿಗೆಯೊಳಗೆ ಅಡ್ಡಗೋಡೆ. ಒಂದು ಕಡೆ 5 ಕೆ.ಜಿ. ಗ್ಯಾಸ್ ಸಿಲಿಂಡರ್, ಇನ್ನೊಂದು ಕಡೆ ಅಡೆ, ಸರಪಳಿ, ಜ್ಯಾಕಿನ ಹಿಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರಿನ ಕೋಣೆಯ ತಳಕ್ಕೆ ತೂತುಗಳು ಬೇಕೇ ಬೇಕು, ಕಪ್ಪೆ ಇಲಿ ನುಗ್ಗದಂತೆ ಜಾಲರಿಯೊಂದಿಗೆ. ಬ್ಯಾಟರಿಯನ್ನು ಆ ಪೆಟ್ಟಿಗೆಯ ಹತ್ತಿರವೂ ಸುಳಿಯಗೊಡಬೇಡಿ. ಸಾಮಾನು ಸೇರಿ ಪೆಟ್ಟಿಗೆ 24 ಕೆ.ಜಿ., ಆಕ್ಸಲಿನಿಂದ 2.1 ಮೀಟರ್ ಮುಂದೆ. ಲೆಕ್ಕದ ಪ್ರಕಾರ ಕೊಕ್ಕೆಗೆ 18 ಸೇರಬೇಕು, ಅಂದರೆ 76. ಮೆಷಿನು 75 ತೋರಿಸಿತು. ನಮ್ಮ ಕೊಕ್ಕೆಯ ತಟ್ಟೆಯಲ್ಲಿ ಬರೆದ ಮಿತಿ 100. ಗಾಡಿ ಮೊದಲಿಗಿಂತ ನೆಟ್ಟಗೆ ಓಡುತ್ತದೆ ಎಂಬುದು ಪೆಟ್ಟಿಗೆಯ ಜೊತೆ ಸಿಕ್ಕಿದ ಲಾಭ.

ಮೂರನೆಯದು ಬರೀ ಪೈಪು. ಚರಂಡಿಗೆ ಹಾಕುವ 160 ಎಂ.ಎಂ. ಪಿವಿಸಿ, ಒಂದು ತುದಿಗೆ ಮುಚ್ಚಳ ಅಂಟಿಸಿ, ಇನ್ನೊಂದಕ್ಕೆ ತಿರುಪಿನ ಮುಚ್ಚಳ. ಚಾಸಿಯ ಅಡ್ಡಪಟ್ಟಿಗೆ ತಗುಲಿಸಿ, ಆಕ್ಸಲಿಗಿಂತ ಮೇಲೆಯೇ ಇರುವ ಹಾಗೆ ಪಟ್ಟಿ ಬಿಗಿದೆ, ಪಟ್ಟಿಯ ಒಳಗೆ ಹಳೆಯ ಸೈಕಲ್ ಟ್ಯೂಬು. ಚಪ್ಪರದ ಕೋಲು, ಗಾಳದ ಕೋಲು, ಸುತ್ತಿದ ಟಾರ್ಪಾಲು ಅದರೊಳಗೆ. ಹಿಂದಕ್ಕೆ ಸ್ವಲ್ಪ ಇಳಿಜಾರು, ತಳದಲ್ಲಿ ಒಂದು ತೂತು. ಅಮೆರಿಕದಲ್ಲಿ ಹಿಂದಿನ ಚೌಕ ಬಂಪರಿನೊಳಗೇ ಕೊಳಚೆ ಪೈಪು ತುರುಕುತ್ತಾರಂತಲ್ಲ, ಅದೇ ಬುದ್ಧಿ. ಮಾಡಿನ ಮೇಲೆ ಕ್ಯಾರಿಯರ್ ಹಾಕಿಸಿ ಎಂದವರೂ ಇದ್ದರು. ಭಾರ ಮೇಲೇರಿಸಿ ಘಾಟಿ ಹತ್ತುವ ಮನಸ್ಸು ನನಗಿಲ್ಲ, ಮಾಡಿಗೆ ಇನ್ನಷ್ಟು ತೂತು ಹೊಡೆಯುವ ಧೈರ್ಯವೂ ಇಲ್ಲ.

ಬಾಗಿಲು ನೀರು ಬಿಡುತ್ತದೋ ಎಂದು ನೋಡಲು ಆಚಾರ್ರು ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆದರು. ರಬ್ಬರಿನ ಮೇಲೆ ಬಿಳಿ ಗೆರೆ ಸುತ್ತಲೂ ಬರಬೇಕು, ತಪ್ಪಿದಲ್ಲಿ ಒತ್ತು ಸಾಲದು ಎಂದರ್ಥ. ಕೆಳಗಿನ ಬಲಮೂಲೆಯಲ್ಲಿ ಎರಡು ಇಂಚು ತಪ್ಪಿತ್ತು, ಬೀಗದ ನಾಲಗೆ ಸ್ವಲ್ಪ ಒಳಕ್ಕೆ ಬಗ್ಗಿಸಿದರು. ಜೂನಿನಲ್ಲಿ ಗಾಡಿಯನ್ನು ಶೀಟಿನ ಮಾಡಿನ ಅಡಿಯಿಂದ ತೆಗೆದು ಬಯಲಿಗೆ ನಿಲ್ಲಿಸಿ, ಪೊಳ್ಳಿನೊಳಗೆ ಹಳೆಯ ಉದಯವಾಣಿ ಹಾಸಿಟ್ಟೆ. ಎಲ್ಲಿಂದ ಹನಿ ಬಂದರೂ ಕಾಗದ ಹೇಳುತ್ತದೆ. ಅಕ್ಷರ ಒಂದೂ ಕದಡಲಿಲ್ಲ.

ಈಗ ಉಳಿದದ್ದು ವರ್ಷದ ಆರೈಕೆ. ಮಳೆ ಬಿಟ್ಟ ಮೇಲೆ ರಬ್ಬರಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರುತ್ತೇನೆ, ಇಲ್ಲದಿದ್ದರೆ ಬೇಸಗೆಯಲ್ಲಿ ಬಾಗಿಲಿಗೆ ಅಂಟಿ ಹರಿಯುತ್ತದೆ. ಯು-ಬೋಲ್ಟುಗಳನ್ನು ಘಾಟಿ ಇಳಿದಾಗಲೆಲ್ಲ ಪಾನ (ಸ್ಪ್ಯಾನರ್) ಹಾಕಿ ನೋಡುತ್ತೇನೆ. ಬೀಗಕ್ಕೆ ಎಣ್ಣೆ ಬೇಡ, ಕೆಂಪು ಧೂಳು ಅಂಟಿ ಕೀಲಿ ತಿರುಗುವುದು ನಿಲ್ಲುತ್ತದೆ. ಗ್ರಾಫೈಟ್ ಪುಡಿ ಊದಿದರೆ ಸಾಕು.