ಟಿಕೆಟ್‌ನಲ್ಲಿರುವ 00:20 ಯಾವ ರಾತ್ರಿಯದು?

ಅರಸೀಕೆರೆ ಜಂಕ್ಷನ್ನಿನಲ್ಲಿ ಒಮ್ಮೆ ರಾತ್ರಿ ಹನ್ನೊಂದೂವರೆಗೆ ಒಂದು ಕುಟುಂಬ ನನ್ನ ಪಕ್ಕದ ಬೆಂಚಿಗೆ ಬಂದು ಕುಳಿತಿತು. ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ನಿದ್ದೆಗಣ್ಣಿನಲ್ಲೇ ಎಬ್ಬಿಸಿಕೊಂಡು ಬಂದಿದ್ದರು. ಅಂದು ಹದಿನೈದನೇ ತಾರೀಖು. ಟಿಕೆಟ್‌ನಲ್ಲೂ ಹದಿನೈದು ಎಂದೇ ಇತ್ತು, ಹೊರಡುವ ವೇಳೆ 00:20. ಅವರ ಗಾಡಿ ಹಿಂದಿನ ರಾತ್ರಿಯೇ ಹೋಗಿತ್ತು. ಇಂಥದ್ದನ್ನು ಆಮೇಲೆ ಇನ್ನೆರಡು ಸಲ ನೋಡಿದ್ದೇನೆ. ನಾವು ರೈಲ್ವೆ ಟೈಮ್ ಎಂದು ಕರೆಯುವ ಇಪ್ಪತ್ನಾಲ್ಕು ಗಂಟೆಯ ಲೆಕ್ಕವನ್ನು ಒಮ್ಮೆ ಸರಿಯಾಗಿ ಕಲಿತುಬಿಟ್ಟರೆ ಈ ಸಂಕಟ ಬರುವುದಿಲ್ಲ.

ಹಂತ ಒಂದು: ಬೆಳಗಿನ ಒಂದರಿಂದ ಮಧ್ಯಾಹ್ನ 12:59ರವರೆಗೆ ಅಂಕಿ ಬದಲಾಗುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿ. 09:15 ಎಂದರೆ ಒಂಬತ್ತೂಕಾಲು.

ಹಂತ ಎರಡು: 13 ಮತ್ತು ಅದಕ್ಕಿಂತ ದೊಡ್ಡ ಗಂಟೆಯಿಂದ ಹನ್ನೆರಡು ಕಳೆಯಿರಿ. ನಿಮಿಷವನ್ನು ಮುಟ್ಟಬೇಡಿ. 17:40 ಎಂದರೆ ಸಂಜೆ 5:40. ಕಣ್ಣಿಗೆ ಕಾಣುವ ಕೊನೆಯ ಅಂಕಿಯನ್ನೇ ಹಿಡಿದು 17ನ್ನು ಏಳು ಗಂಟೆ ಎಂದು ಓದುವವರು ಬಹಳ. ಅವರು ಎರಡು ಗಂಟೆ ತಡವಾಗಿ ನಿಲ್ದಾಣಕ್ಕೆ ಬರುತ್ತಾರೆ. ಕೊನೆಯ ಅಂಕಿಯಿಂದ ಎರಡು ಕಳೆದರೆ ಸಾಕು ಎಂಬ ಒಳದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. 14ರಿಂದ 19ರವರೆಗೆ ಅದು ನಡೆಯುತ್ತದೆ, 20 ಮತ್ತು 21ಕ್ಕೆ ಬಂದಾಗ ಕೈಕೊಡುತ್ತದೆ. ಅದನ್ನು ಕಲಿಯಲೇಬೇಡಿ. ಬದಲಿಗೆ ಮೂರು ಗೂಟ ನೆಟ್ಟುಕೊಳ್ಳಿ: 15 ಎಂದರೆ ಮೂರು, 18 ಎಂದರೆ ಆರು, 21 ಎಂದರೆ ಒಂಬತ್ತು. ಉಳಿದವು ಇವುಗಳ ಆಚೆಗೋ ಈಚೆಗೋ ಒಂದು ಗಂಟೆಯ ದೂರದಲ್ಲಿರುತ್ತವೆ, 13 ಮತ್ತು 23 ಮಾತ್ರ ಎರಡು ಗಂಟೆಯ ದೂರ. ತಿರುಗಿ ಬರೆಯುವಾಗ ಮಧ್ಯಾಹ್ನ ಒಂದರ ನಂತರದ ಗಂಟೆಗಳಿಗೆ ಹನ್ನೆರಡು ಕೂಡಿಸಿದರಾಯಿತು. ಸೈನ್ಯದಲ್ಲಿ ನಡುವಿನ ಚುಕ್ಕೆಗಳನ್ನು ಬಿಟ್ಟು 1740 ಎಂದು ಬರೆಯುತ್ತಾರೆ, ಲೆಕ್ಕ ಇದೇ.

ಹಂತ ಮೂರು, ನಡುರಾತ್ರಿ. ಎಡವುವುದು ಇಲ್ಲಿ. ರಾತ್ರಿ ಹನ್ನೆರಡರಿಂದ ಒಂದರವರೆಗಿನ ಆ ಒಂದು ಗಂಟೆಯನ್ನು ರೈಲ್ವೆ 00 ಎಂದು ಬರೆಯುತ್ತದೆ. ರಾತ್ರಿ ಹನ್ನೆರಡೂವರೆ 00:30, ಮಧ್ಯಾಹ್ನ ಹನ್ನೆರಡೂವರೆ 12:30. ಒಳಸುತ್ತಿನಲ್ಲಿ 13ರಿಂದ 24ರವರೆಗೆ ಅಚ್ಚು ಹಾಕಿದ ಗೋಡೆ ಗಡಿಯಾರಗಳು ಬರುತ್ತವಲ್ಲ, ಅವುಗಳನ್ನು ಕೊಳ್ಳಬೇಡಿ. ಅವುಗಳ ನೆತ್ತಿಯ ಮೇಲೆ 24 ಇರುತ್ತದೆ, ಟಿಕೆಟ್‌ನಲ್ಲಿ 00 ಇರುತ್ತದೆ. ಒಂದನ್ನು ನೋಡಿ ಕಲಿತವರು ಇನ್ನೊಂದರ ಮುಂದೆ ತಬ್ಬಿಬ್ಬಾಗುತ್ತಾರೆ.

ಅಂಕಿ ತಿಳಿದರೂ ತಾರೀಖು ತಪ್ಪುತ್ತದೆ, ಅದಕ್ಕೆ ಕಾರಣವಿದೆ. ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಮಂಗಳವಾರ ರಾತ್ರಿ ಮಲಗಿದವರಿಗೆ ಬೆಳಕು ಹರಿಯುವವರೆಗೂ ಅದು ಮಂಗಳವಾರದ ರಾತ್ರಿಯೇ. ಕೆಲವು ಪಂಚಾಂಗಗಳು ನಡುರಾತ್ರಿಯ ನಂತರದ ವೇಳೆಯನ್ನು 25:30, 26:10 ಎಂದು ಮುಂದುವರಿಸಿ ಬರೆಯುವುದೂ ಅದಕ್ಕಾಗಿಯೇ. ಅಲ್ಲಿ ಇಪ್ಪತ್ನಾಲ್ಕು ಕಳೆದರೆ ಮರುದಿನದ ತಾರೀಖಿನ ಬೆಳಗಿನ ಜಾವ ಸಿಗುತ್ತದೆ. ರೈಲ್ವೆಗೆ ಈ ಹಿಗ್ಗುವಿಕೆ ಇಲ್ಲ. 23:59 ಮುಗಿದ ಕೂಡಲೇ ತಾರೀಖು ಬದಲಾಗುತ್ತದೆ, ಹೊಸ ದಿನದ ಮೊದಲ ಗಳಿಗೆ 00:00. ಆದ್ದರಿಂದ ಹದಿನೈದನೇ ತಾರೀಖಿನ 00:20ರ ಗಾಡಿ ಹಿಡಿಯಬೇಕಾದವರು ಹದಿನಾಲ್ಕರ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು.

ನನ್ನ ಪದ್ಧತಿ ಹೀಗಿದೆ, ನೀವೂ ಹೀಗೇ ಮಾಡಿ. ಟಿಕೆಟ್‌ನ ವೇಳೆ 00, 01, 02 ಅಥವಾ 03ರಿಂದ ಶುರುವಾಗಿದ್ದರೆ ಕ್ಯಾಲೆಂಡರ್‌ನಲ್ಲಿ ಹಿಂದಿನ ದಿನದ ಚೌಕಕ್ಕೆ ಗುರುತು ಹಾಕಿ, ಪಕ್ಕದಲ್ಲಿ ವಾರದ ಹೆಸರಿನೊಂದಿಗೆ ‘ಮಂಗಳವಾರ ರಾತ್ರಿ ಊಟದ ನಂತರ ಹೊರಡುವುದು’ ಎಂದು ಬರೆಯಿರಿ. ಮನೆಯವರಿಗೂ ಅದೇ ಮಾತಿನಲ್ಲಿ ಹೇಳಿ. ‘ಹದಿನೈದಕ್ಕೆ ರಾತ್ರಿ ಹನ್ನೆರಡೂಕಾಲರ ಗಾಡಿ’ ಎಂದು ಫೋನಿನಲ್ಲಿ ಹೇಳಿದರೆ ಕೇಳಿದವರೆಲ್ಲ ಹದಿನೈದರ ರಾತ್ರಿಯೆಂದೇ ತಿಳಿಯುತ್ತಾರೆ.

ಹಂತ ನಾಲ್ಕು: ಮೊಬೈಲ್. ಅಲಾರಂ ಇಡುವಾಗ ರಾತ್ರಿ ಹನ್ನೆರಡೂವರೆಗೆ ‘ಪಿಎಂ’ ಒತ್ತುವವರಿದ್ದಾರೆ. ಅದು ಮಧ್ಯಾಹ್ನ ಬಡಿದುಕೊಳ್ಳುತ್ತದೆ. ದಿನಾಂಕ ಮತ್ತು ಸಮಯದ ಸೆಟ್ಟಿಂಗ್‌ಗೆ ಹೋಗಿ ಇಪ್ಪತ್ನಾಲ್ಕು ಗಂಟೆಯ ಕ್ರಮವನ್ನು ಆರಿಸಿಕೊಳ್ಳಿ. ಒಂದು ತಿಂಗಳು ಹಾಗೆಯೇ ಬಿಟ್ಟರೆ ಕಳೆಯುವ ಕೂಡಿಸುವ ಕೆಲಸವೇ ಬೇಕಾಗುವುದಿಲ್ಲ, 19 ಕಂಡರೆ ದೀಪ ಹಚ್ಚುವ ಹೊತ್ತು ಎಂದು ಕಣ್ಣಿಗೇ ಹೊಳೆಯುತ್ತದೆ. ವೇಳೆ ಬದಲಿಸಿಕೊಡುವ ಆ್ಯಪ್‌ಗಳು ಬೇಡ. ಹನ್ನೆರಡು ಕಳೆಯಲು ಮೂರು ಜಾಹೀರಾತು ನೋಡಬೇಕಾಗುತ್ತದೆ.

ಪ್ರಯಾಣ ಎಷ್ಟು ಹೊತ್ತು ಎಂದು ತಿಳಿಯಬೇಕೇ? ನಡುರಾತ್ರಿಯಲ್ಲಿ ಎರಡು ಹೋಳು ಮಾಡಿ. 22:50ಕ್ಕೆ ಹೊರಟು 06:15ಕ್ಕೆ ತಲುಪುವ ಗಾಡಿಗೆ, ನಡುರಾತ್ರಿಯವರೆಗೆ ಒಂದು ಗಂಟೆ ಹತ್ತು ನಿಮಿಷ, ಆಮೇಲೆ ಆರು ಗಂಟೆ ಹದಿನೈದು ನಿಮಿಷ, ಒಟ್ಟು ಏಳು ಗಂಟೆ ಇಪ್ಪತ್ತೈದು ನಿಮಿಷ. ಕ್ಯಾಲ್ಕುಲೇಟರ್ ಹಿಡಿಯಬೇಡಿ. ಅದಕ್ಕೆ ಗಂಟೆಗೆ ಅರವತ್ತು ನಿಮಿಷ ಎಂಬುದು ಗೊತ್ತಿಲ್ಲ.

ತತ್ಕಾಲ್ ಟಿಕೆಟ್ ತೆಗೆಯುವವರು ಇನ್ನೊಂದನ್ನು ಗಮನಿಸಬೇಕು. ತತ್ಕಾಲ್ ತೆರೆಯುವುದು ಗಾಡಿ ತನ್ನ ಮೊದಲ ನಿಲ್ದಾಣ ಬಿಡುವ ದಿನಕ್ಕೆ ಒಂದು ದಿನ ಮುಂಚೆ, ಎ.ಸಿ. ಬೋಗಿಗಳಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಹದಿನಾಲ್ಕರ ರಾತ್ರಿ ಬೆಂಗಳೂರು ಬಿಟ್ಟ ಗಾಡಿ ಅರಸೀಕೆರೆಗೆ ಬರುವಾಗ ಹದಿನೈದಾಗಿರುತ್ತದೆ. ಅರಸೀಕೆರೆಯಲ್ಲಿ ಹತ್ತುವವರು ಟಿಕೆಟ್ ಹುಡುಕುವಾಗ ಹದಿನೈದನೇ ತಾರೀಖನ್ನೇ ಕೊಡಬೇಕು, ಆದರೆ ತತ್ಕಾಲ್‌ಗೆ ಹದಿಮೂರರ ಬೆಳಿಗ್ಗೆಯೇ ಸಿದ್ಧರಾಗಿ ಕುಳಿತಿರಬೇಕು. ಹದಿನಾಲ್ಕರ ಬೆಳಿಗ್ಗೆ ಕುಳಿತರೆ ಉಳಿದಿರುವುದು ವೇಟಿಂಗ್ ಲಿಸ್ಟ್.